45 ಟನ್ನಿನ ಒಂಟಿ ಪೀಸಿಗೆ ಯಾವ ಆಕ್ಸಲ್? ಪಾಟಾನಾ, ಏರಾ, ಹೈಡ್ರಾಲಿಕ್ಕಾ?

ಚಾಕಣದಿಂದ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ನಮಸ್ಕಾರ. ಜೆಎನ್‌ಪಿಟಿಯಿಂದ (ನವಿ ಮುಂಬೈ ಕಡೆಯ ಬಂದರು) ಪುಣೆ ಹತ್ತಿರದ ಚಾಕಣ, ತಳೇಗಾವ್ ಎಂಐಡಿಸಿಗೆ (ಕೈಗಾರಿಕಾ ಪ್ರದೇಶ) ಮಷೀನ್ ಸಾಗಿಸುವ ಕೆಲಸ ನಮ್ಮದು. ಬರುವುದೆಲ್ಲ ಹೆಚ್ಚಾಗಿ 28ರಿಂದ 32 ಟನ್. ಈಗ ಒಂದು ಪಾರ್ಟಿ 45 ಟನ್ನಿನ ಪ್ರೆಸ್ ಬಾಡಿ ಕೊಡ್ತೀನಿ ಅಂತಿದೆ, ವರ್ಷಕ್ಕೆ ಮೂರ್ನಾಲ್ಕು. ಹೊಸ ಸೆಮಿ ಲೋಬೆಡ್ (ತಗ್ಗು ಹಾಸಿನ ಟ್ರೈಲರ್) ಮಾಡಿಸಬೇಕು. ಟ್ರೈ ಆಕ್ಸಲ್‌ಗೆ (ಮೂರು ಆಕ್ಸಲ್) ಕಮಾನ್ ಪಾಟಾ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಸಾಕಾ, ಅಥವಾ ಏರ್ ಸಸ್ಪೆನ್ಶನ್ (ಗಾಳಿ ಚೀಲದ್ದು), ಲಿಫ್ಟ್ ಆಕ್ಸಲ್ (ಖಾಲಿ ಇದ್ದಾಗ ಮೇಲೆತ್ತುವಂಥದ್ದು) ಹಾಕಿಸಲಾ? ಪರ್ಮಿಟ್‌ಗೆ ಯಾವುದು ಸಲೀಸು?

ಕಳಂಬೋಳಿಯಿಂದ:
ಪಾಟಾ. ಮುಂದೆ ಯೋಚನೆಯೇ ಬೇಡ. ನಮ್ಮ ಒಂದು ಗಾಡಿಗೆ ಬಾಡಿ ಕಟ್ಟುವವನು ಏರ್ ಹಾಕಿ ಕೊಟ್ಟ. ಖೋಪೋಲಿ ದಾಟಿ ಘಾಟ್ ಹತ್ತುವಾಗ ಎಡಗಡೆ ಹಿಂದಿನ ಬೆಲೋಸ್ (ರಬ್ಬರ್ ಗಾಳಿ ಚೀಲ) ಒಡೆಯಿತು. ಮೇಲೆ 30 ಟನ್, ಟ್ರೈಲರ್ ಆ ಕಡೆಗೆ ಕೂತುಬಿಟ್ಟಿತು. ಶಿಂಗ್ರೋಬಾ ಗುಡಿ ಹತ್ತಿರ ಎಲ್ಲರೂ ನಾಣ್ಯ ಎಸೆದು ಹೋಗ್ತಾರಲ್ಲ, ನಮ್ಮ ಡ್ರೈವರ್ ಅಲ್ಲಿಗೆ ತಲುಪಲೇ ಇಲ್ಲ. ಕ್ರೇನ್‌ಗೆ 35,000. ಬೆಲೋಸ್ 11,000. ಪನ್ವೇಲ್‌ನಿಂದ ಬಂದ ಮಿಸ್ತ್ರಿಗೆ 6,500, ಅದರಲ್ಲಿ ಅವನ ಊಟ ಸೇರಿಲ್ಲ. ಲೇಟಾಯ್ತು ಅಂತ ಪಾರ್ಟಿ ಬಾಡಿಗೆಯಲ್ಲಿ 15,000 ಮುರಿದುಕೊಂಡಿತು. ಒಟ್ಟು 67,500. ಅದೇ ಪಾಟಾ ಒಂದು ಮುರಿದರೆ ಏನು? ಮರದ ತುಂಡು ಕೊಟ್ಟು, ಸರಪಳಿ ಬಿಗಿದು, ನಿಧಾನಕ್ಕೆ ಲೋಣಾವಳ ಮುಟ್ಟಬಹುದು.

ತಳೇಗಾವ್‌ನಿಂದ:
ಮೇಲಿನವರ ಗಾಡಿಯಲ್ಲಿ ಮಳೆಗಾಲದಲ್ಲಿ ಏರ್ ಟ್ಯಾಂಕಿನ ನೀರು ಯಾರಾದ್ರೂ ಬಿಡ್ತಿದ್ರಾ ಕೇಳಿ. ಚೀಲಗಳಿಗೆ ಗಾಳಿ ಬಿಡುವ ಲೆವೆಲಿಂಗ್ ವಾಲ್ವ್ ಜಾಮ್ ಆಗಿ ಒಂದೇ ಬೆಲೋಸ್ ಮೇಲೆ ಭಾರ ಬಿದ್ದರೆ ಅದು ಒಡೆಯದೆ ಇನ್ನೇನಾಗುತ್ತೆ? ನಾನು ಪಾಟಾದಿಂದ ಏರ್‌ಗೆ ಬಂದವನು, ಕಾರಣ ಟೈರು. ಪಾಟಾಗಳನ್ನು ಜೋಡಿಸುವ ಬ್ಯಾಲೆನ್ಸರ್‌ನ ಬುಷ್ ಸವೆದು ಹಿಂದಿನ ಆಕ್ಸಲ್ ಒಂದು ಬೆರಳಿನಷ್ಟು ಓರೆಯಾಗಿತ್ತು. ಬಗ್ಗಿ ನೋಡಿದರೂ ಕಾಣಲ್ಲ. ಕೈ ಆಡಿಸಿದರೆ ಮಾತ್ರ ಗೊತ್ತಾಗುತ್ತೆ, ಗರಗಸದ ಹಲ್ಲಿನ ಹಾಗೆ ಒಂದೇ ಅಂಚು ಸವೆದಿರುತ್ತೆ. ನಾಲ್ಕು ಟೈರು, ಒಂದಕ್ಕೆ 23,500. ಆಯ್ತಲ್ಲ 94,000? ಬುಷ್ ಸೆಟ್, ಟಾರ್ಕ್ ಆರ್ಮ್, ಅಲೈನ್‌ಮೆಂಟ್ ಬೇರೆ. ಏರ್‌ನಲ್ಲಿ ಮೂರೂ ಆಕ್ಸಲ್‌ಗೆ ಭಾರ ಸಮ ಹಂಚುತ್ತೆ. ಪಾಟಾದಲ್ಲಿ ದೊಡ್ಡ ಹಂಪ್ ಏರುವಾಗ ಒಂದೇ ಆಕ್ಸಲ್ ಒದ್ದಾಡುತ್ತೆ.

ಕಳಂಬೋಳಿಯಿಂದ:
ನೀರು ಬಿಡ್ತಿದ್ವಿ ಸ್ವಾಮಿ. ಪ್ರತಿದಿನ. ನೀವು ಬಂದು ನೋಡಿದ್ರಾ?

ವಾಶಿಯಿಂದ:
ಪರ್ಮಿಟ್ ಕಾಗದ ಮಾಡಿಸುವುದೇ ನನ್ನ ಹೊಟ್ಟೆಪಾಡು. ಪಾಟಾ, ಏರ್ ಅಂತ ಕಿತ್ತಾಡ್ತಿದ್ದೀರಿ, ತೂಕದ ಲೆಕ್ಕ ಯಾರಾದ್ರೂ ಹಾಕಿದ್ರಾ? 2018ರ ಜುಲೈ ನಂತರ ಮಿತಿ ಮುಂದಿನ ಆಕ್ಸಲ್‌ಗೆ 7, ಹಾರ್ಸ್‌ನ (ಎಳೆಯುವ ಎಂಜಿನ್ ಗಾಡಿಯ) ಟ್ಯಾಂಡಮ್‌ಗೆ (ಜೋಡಿ ಆಕ್ಸಲ್‌ಗೆ) 21, ಟ್ರೈಲರ್‌ನ ಟ್ರೈ ಆಕ್ಸಲ್‌ಗೆ 27. ಕೂಡಿದರೆ 55 ಟನ್. ಅದಕ್ಕೂ ಮುಂಚೆ 49 ಇತ್ತು. ಹಳೇ ಗಾಡಿಯಾದರೆ ಆರ್‌ಸಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ. ಗಾಡಿಯದೇ ತೂಕ, ಹಾರ್ಸ್ ಒಂಬತ್ತೂವರೆ, ಲೋಬೆಡ್ ಹನ್ನೊಂದು ಕಳೆಯಿರಿ. ಉಳಿಯೋದು 34 ಚಿಲ್ಲರೆ. 45 ಎಲ್ಲಿ ಹಿಡಿಯುತ್ತೆ? ಸಿಕ್ಕಿಬಿದ್ದರೆ 20,000, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಹತ್ತು ಟನ್ ಜಾಸ್ತಿಯಾದರೆ 40,000 ಕಟ್ಟಿದ ಮೇಲೂ ಹೆಚ್ಚಿನದು ಇಳಿಸಿ ಅಂತಾರೆ. ಒಂಟಿ ಪ್ರೆಸ್ ಬಾಡಿಯಲ್ಲಿ ಹತ್ತು ಟನ್ ಮಾತ್ರ ಹೇಗೆ ಇಳಿಸ್ತೀರಿ, ಕೊಯ್ದಾ?

ಅಂಥ ತುಂಡಿಗೆ ಮಾಡ್ಯುಲರ್ ಹೈಡ್ರಾಲಿಕ್ ಟ್ರೈಲರ್. ಒಂದು ಸಾಲಿಗೆ ಎಂಟು ಟೈರು, ಭಾರ ನೋಡಿ ಸಾಲು ಸೇರಿಸ್ತಾರೆ. ಸಿಲಿಂಡರ್‌ಗಳು ಒಂದಕ್ಕೊಂದು ಜೋಡಣೆಯಾಗಿರುವುದರಿಂದ ಭಾರ ಹಂಚಿಹೋಗುತ್ತೆ. ಬಿಡಿಸಿ ಸಾಗಿಸಬಹುದಾದ ಮಾಲಿಗೆ ಹೆಚ್ಚಿನ ತೂಕದ ಪರ್ಮಿಟ್ ಕೇಳಲೇಬೇಡಿ. ಎರಡು ಕಾಯಿಲ್ (ಉಕ್ಕಿನ ಹಾಳೆಯ ಸುರುಳಿ) ಹೇರಿ "ಒಂದೇ ಪೀಸು" ಅಂದವರ ಫೈಲು ನನ್ನ ಮೇಜಿನ ಮೇಲೇ ಇದೆ.

ಕಳಂಬೋಳಿಯಿಂದ:
ಆಹಾ, ಪೆನ್ನು ಹಿಡಿದವರು ಬಂದ್ರು. ಹೈಡ್ರಾಲಿಕ್ ಬಾಡಿಗೆ ಕೇಳಿದ್ದೀರಾ? ಜೆಎನ್‌ಪಿಟಿಯಿಂದ ಚಾಕಣಕ್ಕೆ ನನಗೆ ಹೇಳಿದ್ದು 4,20,000. ಮುಂದೆ ದಾರಿ ತೋರಿಸುವ ಪೈಲಟ್ ಗಾಡಿ ಬೇರೆ, ನಿಂತ ದಿನಕ್ಕೆ ಬೇರೆ. ಪಾರ್ಟಿ ಕೊಡೋದು ಎಷ್ಟು?

ವಾಶಿಯಿಂದ:
ಅದು ಪಾರ್ಟಿ ಹತ್ತಿರ ಮಾತಾಡುವ ವಿಷಯ. ಬಾಡಿಗೆ ಕಮ್ಮಿ ಅಂತ ತೂಕ ಕಮ್ಮಿ ಆಗಲ್ಲ.

ವಾಸ್ಕೋದಿಂದ:
ಗೋವೆಯ ಕಡೆಯಿಂದ ನನ್ನದೊಂದು. ಮೊರ್ಮುಗಾಂವ್ ಬಂದರಿನಿಂದ ಅನ್ಮೋಡ್ ಘಾಟ್ ಹತ್ತಿ ಬೆಳಗಾವಿ ಕಡೆ ಹೋಗೋ ಗಾಡಿ. ನಾನು ಹಿಂದಿನ ಆಕ್ಸಲ್ ಸೆಲ್ಫ್ ಸ್ಟಿಯರ್ (ತಿರುವಿನಲ್ಲಿ ಚಕ್ರ ತಾನೇ ತಿರುಗುವಂಥದ್ದು) ಹಾಕಿಸಿದ್ದೇನೆ. ತಿರುವಿನಲ್ಲಿ ಟೈರು ಉಜ್ಜುವುದು ನಿಂತಿತು, ಇವತ್ತಿಗೂ ಹೆಮ್ಮೆ ನನಗೆ. ಆದರೆ ರಿವರ್ಸ್ ತೆಗೆಯೋ ಮುಂಚೆ ಲಾಕ್ ಮಾಡಲೇಬೇಕು. ಬದಲಿ ಡ್ರೈವರ್ ಒಬ್ಬ ಮರೆತ. ಯಾರ್ಡಿನ ಕಾಂಪೌಂಡ್ ಗೋಡೆ ಹೋಯ್ತು, 22,000. ಇನ್ನು ಕಡಲ ಗಾಳಿಗೆ ಬ್ರೇಕಿನ ಸ್ಲ್ಯಾಕ್ ಅಡ್ಜಸ್ಟರ್ ತುಕ್ಕು ಹಿಡಿಯುತ್ತೆ, ಕ್ಯಾಮ್ ಶಾಫ್ಟ್ ತಿರುಗಲ್ಲ. ಬೇರೆಯವರು ಆಕ್ಸಲ್ ಬ್ರಾಂಡ್ ಬಗ್ಗೆ ಮಾತಾಡ್ತಾರೆ, ಗ್ರೀಸ್ ಬಗ್ಗೆ ಯಾರೂ ಮಾತಾಡಲ್ಲ.

ಭೋಸರಿಯಿಂದ:
ಲಿಫ್ಟ್ ಆಕ್ಸಲ್ ಬಗ್ಗೆ ಯಾರೂ ಬರೆದಿಲ್ಲ. ಖಾಲಿ ಬರುವಾಗ ಎತ್ತಿದರೆ ನಾಲ್ಕು ಟೈರು ಉಳಿಯುತ್ತೆ, ಟೋಲೂ ಉಳಿಯುತ್ತೆ.

ತಳೇಗಾವ್‌ನಿಂದ:
ಟೋಲು ಹೇಗೆ ಉಳಿಯುತ್ತೆ? 4ರಿಂದ 6 ಆಕ್ಸಲ್ ತನಕ ಒಂದೇ ದರ. 7 ಆದರೆ ಮುಂದಿನ ದರ. ಹಾರ್ಸ್ ಮೂರು, ಟ್ರೈಲರ್ ಮೂರು, ಆರು. ಒಂದು ಎತ್ತಿದರೆ ಐದು. ದರ ಅದೇ ಅಲ್ವಾ?

ಭೋಸರಿಯಿಂದ:
ನಮ್ಮ ಹುಡುಗ ಉಳಿಯುತ್ತೆ ಅಂತಾನೆ.

ಕಳಂಬೋಳಿಯಿಂದ:
ಹಾಗಾದ್ರೆ ಆ ದುಡ್ಡು ಹುಡುಗನ ಹತ್ತಿರವೇ ಉಳಿದಿದೆ. ಡೀಸೆಲ್ ಲೆಕ್ಕನೂ ಒಂದ್ಸಲ ನೋಡಿ.

ಭೋಸರಿಯಿಂದ:
ನಮ್ಮ ಹುಡುಗನ ಸುದ್ದಿಗೆ ಬರಬೇಡಿ. ನಿಮ್ಮ ಗಾಡಿಯಿಂದ ಕೆಲಸ ಬಿಟ್ಟು ಬಂದವನೇ ಅವನು. ಬಾಕಿ ಭತ್ತೆ ಇನ್ನೂ ಕೊಟ್ಟಿಲ್ಲ ನೀವು.

ಚಾಕಣದಿಂದ:
ಅಣ್ಣಂದಿರೇ, ಭತ್ತೆ ಆಮೇಲೆ. ವಾಶಿಯವರ ಲೆಕ್ಕ ನೋಡಿ ಎದೆ ಧಸಕ್ ಅಂತು. 32 ಟನ್ನಿಗೆ ಟ್ರೈ ಆಕ್ಸಲ್ ಸಾಕು ಅಂತಾಯ್ತು. 45ಕ್ಕೆ ಹೈಡ್ರಾಲಿಕ್ ಬಾಡಿಗೆ ತಗೊಂಡು ಪಾರ್ಟಿ ತಲೆಗೇ ಹಾಕ್ತೀನಿ. ಪೀಸು ಮೂರು ಮೀಟರ್ ಅಗಲ ಇದೆ, ಅದಕ್ಕೆ ಬೇರೆ ಕಾಗದ ಬೇಕಾ?

ವಾಶಿಯಿಂದ:
ಗಾಡಿಯ ಅಗಲಕ್ಕೆ ಮಿತಿ 2.6 ಮೀಟರ್. ಹೊರಗೆ ಚಾಚಿದರೆ ಒಡಿಸಿ (ಅಳತೆ ಮೀರಿದ ಮಾಲಿನ) ಪರವಾನಗಿ ಬೇಕು. ತೂಕ, ಅಳತೆ ಎರಡನ್ನೂ ಒಂದೇ ಅರ್ಜಿಯಲ್ಲಿ ಸರಿಯಾಗಿ ಬರೆಯಿರಿ. ಡ್ರಾಯಿಂಗಿನ ತೂಕ ನಂಬಬೇಡಿ, ಕಾಟಾ (ತೂಕದ ಸೇತುವೆ) ಚೀಟಿ ತಗೊಳ್ಳಿ. ಪ್ಯಾಕಿಂಗ್ ಮರವೇ ಟನ್ನುಗಟ್ಟಲೆ ಇರುತ್ತೆ.

ತಳೇಗಾವ್‌ನಿಂದ:
32ಕ್ಕೆ ಏರ್ ಹಾಕಿಸಿ. ಬರೆದಿಟ್ಕೊಳ್ಳಿ.

ಕಳಂಬೋಳಿಯಿಂದ:
ಏರ್ ಅಷ್ಟು ಚೆನ್ನಾಗಿದ್ರೆ ಹೋದ ದೀಪಾವಳಿಗೆ ಬಂದ ನಿಮ್ಮ ಹೊಸ ಟ್ರೈಲರ್‌ಗೆ ಪಾಟಾ ಯಾಕಿದೆ? ಉರ್ಸೆ ಟೋಲ್ ಹತ್ತಿರ ನಾನೇ ಕಣ್ಣಾರೆ ನೋಡಿದೆ.

ತಳೇಗಾವ್‌ನಿಂದ:
ಅದು ನಮ್ಮ ಅಳಿಯನದು. ಅವನು ಯಾರ ಮಾತೂ ಕೇಳಲ್ಲ.