ಅಮ್ಮನ ಆಪರೇಶನ್ ಆಯ್ತು, ಮುಂದೇನು? ಡಾಕ್ಟರ್ ಜೊತೆ ಪ್ರಶ್ನೋತ್ತರ

ಸದಸ್ಯೆ, ಕಾರ್ಕಳ: ನಮಸ್ತೆ ಡಾಕ್ಟ್ರೇ. ಅಮ್ಮನಿಗೆ 61 ವರ್ಷ. ಸ್ತನ ಕ್ಯಾನ್ಸರ್‌ಗೆ ಎಡ ಸ್ತನ ಪೂರ್ತಿ ತೆಗೆದು ಐದು ವಾರ ಆಯ್ತು. ರಿಪೋರ್ಟ್ ಹೀಗಿದೆ: ಕಂಕುಳಿನ 14 ಗಂಟುಗಳಲ್ಲಿ 3ಕ್ಕೆ ಹರಡಿದೆ. ಇಆರ್, ಪಿಆರ್ ಪಾಸಿಟಿವ್. ಹರ್-2: 2+. "ಗಡ್ಡೆ ಹೋಯ್ತಲ್ಲ, ಮಾತ್ರೆ ಸಾಕು, ಕೀಮೋ ಬೇಡ" ಅಂತ ಅಣ್ಣನ ಹಟ. ಎರಡು ದಿನದಿಂದ ಅಮ್ಮನ ಎಡಗೈ ಬಳೆ ಬಿಗಿಯಾಗಿದೆ, ಮೇಲೂ ಹೋಗುತ್ತಿಲ್ಲ, ಕೆಳಗೂ ಬರುತ್ತಿಲ್ಲ.

ಡಾಕ್ಟರ್: ಮೊದಲು ಬಳೆ ತೆಗೆಯಿರಿ, ಈಗಲೇ. ಕಂಕುಳಿನ ಗಂಟು ತೆಗೆದವರಿಗೆ ಕೈಯಲ್ಲಿ ನೀರು ತುಂಬುವುದುಂಟು, ಅದಕ್ಕೆ ಫಿಸಿಯೋಥೆರಪಿ ಇದೆ. ಆದರೆ ಎರಡೇ ದಿನದಲ್ಲಿ ಊದಿದೆ ಅಂದರೆ ನಾಳೆಯೇ ತೋರಿಸಿ. ರಕ್ತ ಹೆಪ್ಪುಗಟ್ಟಿಲ್ಲ ಅಂತ ನೋಡಬೇಕು. ಕೈ ಕೆಂಪಾದರೆ, ಜ್ವರ ಬಂದರೆ ನಾಳೆವರೆಗೂ ಕಾಯಬೇಡಿ.

ನನ್ನ ದೊಡ್ಡ ಚಿಂತೆ ಹರ್-2ರ ಆ 2+. ಹರ್-2 ಅಂದರೆ ಗಡ್ಡೆಯನ್ನು ಬೇಗ ಬೆಳೆಸುವ ಒಂದು ಪ್ರೊಟೀನ್. 0 ಅಥವಾ 1+ ಅಂದರೆ ನೆಗೆಟಿವ್. 3+ ಅಂದರೆ ಪಾಸಿಟಿವ್. 2+ ಅಂದರೆ ಉತ್ತರ ಇನ್ನೂ ಸಿಕ್ಕಿಲ್ಲ ಅಂತ. ಫಿಶ್ ಅನ್ನುವ ಇನ್ನೊಂದು ಟೆಸ್ಟ್ ಆಗಬೇಕು. ಅಮ್ಮನಿಗೆ ಮತ್ತೆ ಚುಚ್ಚುವುದಿಲ್ಲ. ತೆಗೆದ ಗಡ್ಡೆಯ ತುಂಡು ಮೇಣದ ಬ್ಲಾಕ್‌ನಲ್ಲಿ ಲ್ಯಾಬ್‌ನಲ್ಲೇ ಇರುತ್ತದೆ. ಪಾಸಿಟಿವ್ ಬಂದರೆ ಹರ್-2 ತಡೆಯುವ ಟ್ರಾಸ್ಟುಜುಮಾಬ್ ಇಂಜೆಕ್ಷನ್, ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ. ಅದನ್ನು ಕೀಮೋ ಜೊತೆಗೇ ಶುರು ಮಾಡುತ್ತಾರೆ. ಅದು ಹೃದಯಕ್ಕೆ ತೊಂದರೆ ಕೊಡಬಹುದು, ಹಾಗಾಗಿ ಹೃದಯಕ್ಕೆ ಎಕೋ ಮೊದಲೂ ಬೇಕು, ನಡುನಡುವೆಯೂ ಬೇಕು.

ಅಣ್ಣನಿಗೆ ಹೇಳಿ: ಇಆರ್, ಪಿಆರ್ ಪಾಸಿಟಿವ್ ಅಂದರೆ ಗಡ್ಡೆ ಹಾರ್ಮೋನಿನಿಂದ ಬೆಳೆಯುವಂಥದ್ದು. ಅದನ್ನು ತಡೆಯುವ ಮಾತ್ರೆ ಬೇಕೇ ಬೇಕು, ಕನಿಷ್ಠ ಐದು ವರ್ಷ. ಆದರೆ ಫಿಶ್ ಬರದೆ "ಮಾತ್ರೆ ಸಾಕು" ಅಂತ ಯಾರೂ ಹೇಳುವ ಹಾಗಿಲ್ಲ. ಸ್ಕ್ಯಾನಿಗೂ ಕಾಣದ ಕ್ಯಾನ್ಸರ್ ಕಣಗಳು ಉಳಿದಿರಬಹುದು, ಔಷಧ ಅವಕ್ಕೆ. ಗಂಟಿಗೆ ಹರಡಿದೆ, ಹಾಗಾಗಿ ರೇಡಿಯೇಶನ್ ಬಗ್ಗೆಯೂ ಕೇಳಿ. ಆಪರೇಶನ್ ಆಗಿ ಮೂರು ತಿಂಗಳು ದಾಟಿದ ಮೇಲೆ ಕೀಮೋ ಶುರು ಮಾಡಿದರೆ ಲಾಭ ಕಡಿಮೆ. ಐದು ವಾರ ಆಗಲೇ ಹೋಗಿದೆ.

ಸದಸ್ಯ, ಸುರತ್ಕಲ್: ಲಕ್ಷ್ಮಣ ಫಲದ ಎಲೆ ಕಷಾಯ 40 ದಿನ ಕುಡಿಸಿ. ಕೀಮೋಗಿಂತ ಜೋರಂತೆ. ಮೆಸೇಜ್ ಬಂದಿದೆ, ಹಾಕ್ತೇನೆ.

ಡಾಕ್ಟರ್: ಹಾಕಬೇಡಿ. ಈ ತಿಂಗಳು ಇದು ಮೂರನೇ ಸಲ. ಆ ಎಲೆಯಲ್ಲಿರುವ ಅನೋನಾಸಿನ್ ನರಕ್ಕೆ ವಿಷ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧ ಕೊಡುವಾಗ ಮೊದಲೇ ಕೈಕಾಲು ಜೋಮು ಹಿಡಿಯುತ್ತದೆ.

ಸದಸ್ಯ, ಸುರತ್ಕಲ್: ಅಜ್ಜಿ ಕಾಲದಿಂದ ಕಷಾಯ ಕುಡಿದವರು ನಾವು.

ಸದಸ್ಯೆ, ಕುಂದಾಪುರ: ಜೀರಿಗೆ ಕಷಾಯ ಬೇರೆ, ಇದು ಬೇರೆ ಮಾರಾಯ್ರೇ. ನಮ್ಮ ಅತ್ತೆ ಇಂಥದ್ದನ್ನೇ ನಂಬಿ ಆರು ತಿಂಗಳು ಕಳೆದರು. ಆಮೇಲೆ ಆಪರೇಶನ್ ಮಾಡಲಿಕ್ಕೇ ಆಗಲಿಲ್ಲ.

ಸದಸ್ಯ, ಉಳ್ಳಾಲ: ಅದೆಲ್ಲ ಬಿಡಿ, ಮುಂಬೈ ಟಾಟಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಸದಸ್ಯೆ, ಕುಂದಾಪುರ: ಮೂರು ವಾರಕ್ಕೊಮ್ಮೆ ಆ ಅಮ್ಮನನ್ನು ಮತ್ಸ್ಯಗಂಧ ರೈಲು ಹತ್ತಿಸುವವರು ಯಾರು? ನೀವಾ?

ಸದಸ್ಯ, ಉಳ್ಳಾಲ: ಒಳ್ಳೇದು ಹೇಳಿದ್ದಕ್ಕೆ ಇದಾ ಮಾತು?

ಸದಸ್ಯ, ಬಂಟ್ವಾಳ: ಆಯುಷ್ಮಾನ್ ಕಾರ್ಡಿನಲ್ಲಿ ಕೀಮೋ ಆಗುತ್ತದಾ?

ಡಾಕ್ಟರ್: ಆಗುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ.

ಸದಸ್ಯೆ, ಕಾಪು: ಅಮ್ಮನಿಗೆ ಬಂದಿದ್ದರೆ ನನಗೂ ತಂಗಿಗೂ ಜೀನ್ ಟೆಸ್ಟ್ ಬೇಕಾ ಡಾಕ್ಟ್ರೇ?

ಸದಸ್ಯ, ಮೂಡುಬಿದಿರೆ: ರೇಡಿಯೇಶನ್ ಎಷ್ಟು ದಿನ?

ಡಾಕ್ಟರ್: ನಿನ್ನೆಯೂ ಹೇಳಿದ್ದೆ. ಹೆಚ್ಚಿನವರಿಗೆ 15 ಸಲ, ಮೂರು ವಾರ.

ಸದಸ್ಯ, ಸುರತ್ಕಲ್: ಕೀಮೋ ಕೊಡುವವರು ಕಷಾಯ ಬೇಡ ಅಂತಲೇ ಹೇಳುವುದು.

ಡಾಕ್ಟರ್: ಕೀಮೋ ನಡೆಯುವಾಗ ಜ್ವರ 100.4 ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಕಷಾಯ ಕಾಯಿಸುತ್ತಾ ಬೆಳಗಾಗಲಿ ಅಂತ ಕೂತವರನ್ನು ನೋಡಿದ್ದೇನೆ. ಇನ್ನೊಮ್ಮೆ ಬರೆದರೆ ನಿಮ್ಮನ್ನು ಗುಂಪಿನಿಂದ ತೆಗೆಯಲು ಅಡ್ಮಿನ್‌ಗೆ ಹೇಳುತ್ತೇನೆ.

ಸದಸ್ಯೆ, ಕಾಪು: ಡಾಕ್ಟ್ರೇ, ಜೀನ್ ಟೆಸ್ಟ್?

ಸದಸ್ಯೆ, ಕಾರ್ಕಳ: ಸೋಪು ಹಚ್ಚಿ ಬಳೆ ತೆಗೆದೆವು. ಮಣಿಕಟ್ಟಿನಲ್ಲಿ ಕೆತ್ತಿದ ಹಾಗೆ ಗುರುತು ಬಿದ್ದಿದೆ. ನಾಳೆ ಕೈ ತೋರಿಸಿ ಹಾಗೇ ಲ್ಯಾಬ್‌ಗೂ ಹೋಗ್ತೇವೆ. ಅಣ್ಣ ಇನ್ನೂ ಒಪ್ಪಿಲ್ಲ.

ಡಾಕ್ಟರ್: ಬ್ಲಾಕ್ ನಂಬರ್ ರಿಪೋರ್ಟಿನಲ್ಲೇ ಇರುತ್ತದೆ. ಬರೆದುಕೊಂಡು ಹೋಗಿ. ಅಣ್ಣನನ್ನೂ ಕರೆದುಕೊಂಡು ಹೋಗಿ.