ಕಡುಗಂದು ಗೋಡೆ: ಎರಡು ಕೋಟ್ ಆದರೂ ಪಟ್ಟೆ ಪಟ್ಟೆ ಕಾಣುತ್ತಿದೆ, ಏನು ಮಾಡಬೇಕು?

ಪ್ರಶ್ನೆ:
ಹಾಲ್‌ನ ಒಂದು ಗೋಡೆಗೆ (12 ಅಡಿ ಅಗಲ, 10 ಅಡಿ ಎತ್ತರ) ಕಡುಗಂದು ಮ್ಯಾಟ್ ಎಮಲ್ಷನ್, ಮಿಕ್ಕ ಮೂರಕ್ಕೆ ಕೆನೆಬಿಳಿ. ಒಳಗೆ ಇರುವುದು ಬಿಳಿ ಪ್ರೈಮರ್. ಎರಡು ಕೋಟ್ ಒಣಗಿದ ಮೇಲೂ ರೋಲರ್ ಓಡಾಡಿದ ಗುರುತು ಎದ್ದು ಕಾಣುತ್ತಿದೆ. ಅಂಚಿನ ಸುತ್ತ ಚೌಕಟ್ಟು ಕಟ್ಟಿದ ಹಾಗೆ ಬೇರೆ ಛಾಯೆ. ರಾತ್ರಿ ದೀಪ ಹಾಕಿದರೆ ಕಪ್ಪೇ ಅನ್ನಿಸುತ್ತದೆ. ಮೂರನೇ ಕೋಟ್‌ಗೆ ಸರಿಹೋಗುತ್ತದೆಯೇ?

ಉತ್ತರ 1:
ಮೂರನೇ ಕೋಟ್ ಬೇಕೇ ಬೇಕು. ಆದರೆ ಮೊದಲೆರಡರ ರೀತಿಯಲ್ಲೇ ಹಚ್ಚಿದರೆ ಪಟ್ಟೆ ಮತ್ತೆ ಬರುತ್ತದೆ.

ತಿಳಿ ಬಣ್ಣಗಳಲ್ಲಿ ಒಳಗಿನದನ್ನು ಮುಚ್ಚುವ ಕೆಲಸ ಮುಖ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯದು. ಕಡು ಶೇಡ್ ಬೆರೆಸುವ ಬೇಸ್‌ನಲ್ಲಿ (ಬಣ್ಣ ಸೇರಿಸುವ ಮೂಲ ಪೇಂಟ್) ಅದು ತೀರಾ ಕಡಿಮೆ. ಹಾಗಾಗಿ ಬಿಳಿ ಪ್ರೈಮರ್ ಇಣುಕುತ್ತದೆ. ಬೂದು ಛಾಯೆ ಬೆರೆಸಿದ ಪ್ರೈಮರ್ ಇದ್ದಿದ್ದರೆ ಬಹುಶಃ ಎರಡೇ ಕೋಟ್ ಸಾಕಾಗುತ್ತಿತ್ತು. ಈಗ ಮತ್ತೆ ಪ್ರೈಮರ್‌ಗೆ ಹೋಗಬೇಡಿ.

ಒಂದು ದಿನ ಪೂರ್ತಿ ಒಣಗಲು ಬಿಡಿ. 220ರ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ದೂಳು ತೆಗೆಯಿರಿ. 120 ಚದರ ಅಡಿಗೆ ಒಂದು ಕೋಟ್ ಅಂದರೆ ಸುಮಾರು ಒಂದೂಕಾಲು ಲೀಟರ್. ಒಂದೂವರೆ ಲೀಟರ್ ಒಂದೇ ಬಕೆಟ್‌ನಲ್ಲಿ ಕಲಸಿಟ್ಟುಕೊಳ್ಳಿ. ಎರಡು ಡಬ್ಬಿ ಇದ್ದರೆ ಎರಡನ್ನೂ ಸೇರಿಸಿಯೇ ಕಲಸಿ, ಡಬ್ಬಿಯಿಂದ ಡಬ್ಬಿಗೆ ಶೇಡ್ ಕೊಂಚ ಹೆಚ್ಚುಕಡಿಮೆ ಇರುತ್ತದೆ. ಫ್ಯಾನ್ ಆಫ್ ಮಾಡಿ.

ಚೌಕಟ್ಟಿನ ಗುರುತು ಬರುವುದು ಸುತ್ತಲೂ ಬ್ರಷ್ ಮುಗಿಸಿ, ಅದು ಒಣಗಿದ ಮೇಲೆ ರೋಲರ್ ಹಿಡಿಯುವುದರಿಂದ. ಮೂರಡಿಯಷ್ಟು ಅಂಚಿಗೆ ಮಾತ್ರ ಬ್ರಷ್ ಆಡಿಸಿ, ಅದು ಹಸಿಯಿರುವಾಗಲೇ ರೋಲರ್ ಅದರ ಮೇಲೆ ಹಾಯಬೇಕು. ಆಮೇಲೆ ಮುಂದಿನ ಮೂರಡಿ. ಪ್ರತಿ ಭಾಗದ ಕೊನೆಗೆ ಮೇಲಿಂದ ಕೆಳಕ್ಕೆ, ಒತ್ತದೆ, ಒಂದೇ ದಿಕ್ಕಿನಲ್ಲಿ ಎಳೆಯಿರಿ. ಅರೆ ಒಣಗಿದ ಜಾಗಕ್ಕೆ ಮಾತ್ರ ತಿರುಗಿ ಹೋಗಬೇಡಿ, ಏನೇ ಬಿಟ್ಟುಹೋಗಿದ್ದರೂ. ಗೋಡೆಯ ಮಧ್ಯೆ ನಿಲ್ಲಿಸುವುದೂ ಬೇಡ.

ಉತ್ತರ 2:
ಮೇಲಿನದೆಲ್ಲ ಸರಿ. ಆದರೆ ಓಡಾಡುವಾಗ ಮೈ ತಾಗುವ ಗೋಡೆಯಾದರೆ ಮ್ಯಾಟ್ ಬಗ್ಗೆ ಇನ್ನೊಮ್ಮೆ ಯೋಚಿಸಿ. ಕಡು ಮ್ಯಾಟ್ ಮೇಲೆ ಬಟ್ಟೆ ಉಜ್ಜಿದ ಕಡೆಯೆಲ್ಲ ಹೊಳಪು ಬರುತ್ತದೆ, ಉಗುರು ತಾಗಿದರೆ ಬಿಳಿ ಗೀರು. ಸಣ್ಣ ಹೊಳಪಿನದು ತೊಳೆಯಲು ಸುಲಭ, ಆದರೆ ಪುಟ್ಟಿಯ ಉಬ್ಬುತಗ್ಗನ್ನೆಲ್ಲ ಬಯಲು ಮಾಡುತ್ತದೆ. ಯಾವುದಾದರೂ ಸರಿ, ಮುಂದೆ ತೇಪೆ ಹಚ್ಚಲು ಹೋಗಬೇಡಿ. ಮೂಲೆಯಿಂದ ಮೂಲೆಗೆ ಇಡೀ ಗೋಡೆಗೇ ಹಚ್ಚಬೇಕು.

ಉತ್ತರ 3:
ರಾತ್ರಿ ಕಪ್ಪಾಗಿ ಕಾಣುವುದು ದೀಪದ ಸಮಸ್ಯೆ. ಕಡುಗಂದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತನೇ ಒಂದು ಪಾಲನ್ನೂ ಹಿಂದಿರುಗಿಸುವುದಿಲ್ಲ. 6500 ಕೆಲ್ವಿನ್‌ನ ನೀಲಿಬಿಳಿ ಬಲ್ಬ್‌ನಲ್ಲಿ ಕೆಂಪು ಅಂಶ ಕಡಿಮೆ, ಕಂದು ಸತ್ತುಹೋಗುತ್ತದೆ. 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕಿನದು, ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚಿನದು ಹಾಕಿ. ದೀಪ ಗೋಡೆಗೆ ಅಂಟಿಕೊಂಡಂತೆ ಬೇಡ, ಎರಡಡಿ ಈಚೆ ಇರಲಿ. ಸವರಿಕೊಂಡು ಬೀಳುವ ಬೆಳಕು ಪಟ್ಟೆಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಪಕ್ಕದ ಕೆನೆಬಿಳಿ ಗೋಡೆಗೆ ಟೇಪ್ ಹಾಕಿದರೂ ಕಂದು ಒಳಗೆ ಇಳಿದಿದೆ, ಅದಕ್ಕೇನು ಮಾಡಲಿ?

ಉತ್ತರ 1:
ಇಳಿದದ್ದನ್ನು ಮೊದಲು ಕೆನೆಬಿಳಿಯಿಂದ ಮುಚ್ಚಿ, ಒಂದು ದಿನ ಒಣಗಿಸಿ. ಹೊಸ ಟೇಪ್ ಒತ್ತಿ, ಅದರ ಅಂಚಿನ ಮೇಲೆ ಅದೇ ಕೆನೆಬಿಳಿಯನ್ನು ತೆಳುವಾಗಿ ಎಳೆಯಿರಿ. ಸಂದಿಗೆ ಇಳಿಯುವುದು ಅದೇ ಆಗುತ್ತದೆ. ಅದು ಒಣಗಿದ ಮೇಲೆ ಕಂದು. ಕಂದು ಹಸಿಯಿರುವಾಗಲೇ ಟೇಪನ್ನು ಓರೆಯಾಗಿ, ನಿಧಾನಕ್ಕೆ ಎಳೆದು ತೆಗೆಯಿರಿ.