ಅಪ್ಪನಿಗೆ ಅವರದೇ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್: ಮಾಡಿಸಿದವರು ಹೇಳಿ

ಪ್ರಶ್ನೆ: ಅಪ್ಪನಿಗೆ 58 ವರ್ಷ, ಮಲ್ಟಿಪಲ್ ಮೈಲೋಮಾ, ಅಂದರೆ ಮೂಳೆಮಜ್ಜೆಯ ಒಂದು ರಕ್ತ ಕ್ಯಾನ್ಸರ್. ಕೀಮೋಗೆ ಚೆನ್ನಾಗಿ ಸ್ಪಂದಿಸಿದ್ದಾರೆ. ಈಗ ಅವರದೇ ಸ್ಟೆಮ್ ಸೆಲ್ (ರಕ್ತಕಣ ಹುಟ್ಟಿಸುವ ಮೂಲ ಕೋಶ) ತೆಗೆದು ಟ್ರಾನ್ಸ್‌ಪ್ಲಾಂಟ್ ಅಂತಿದ್ದಾರೆ ಡಾಕ್ಟರು. ದೊಡ್ಡ ಆಪರೇಷನ್ ಅಂತ ಮನೆಯವರಿಗೆ ಭಯ. ಹೇಗಿರುತ್ತದೆ?

ಮಾಡಿಸಿಕೊಂಡವರು: ಆಪರೇಷನ್ ಅಲ್ಲವೇ ಅಲ್ಲ, ಕೊಯ್ಯುವುದೇನೂ ಇಲ್ಲ. ಮೊದಲು ನಾಲ್ಕೈದು ದಿನ ಜಿ-ಸಿಎಸ್‌ಎಫ್ ಇಂಜೆಕ್ಷನ್. ಮೂಳೆಯೊಳಗಿನ ಸ್ಟೆಮ್ ಸೆಲ್ ರಕ್ತಕ್ಕೆ ಬರಲಿ ಅಂತ. ಸೊಂಟ, ಎದೆಮೂಳೆ ನೋಯುತ್ತವೆ. ಆಮೇಲೆ ರಕ್ತದಿಂದ ಆ ಸೆಲ್ ಬೇರ್ಪಡಿಸಲು ಡಯಾಲಿಸಿಸ್ ತರಹದ ಮಷೀನ್ ಪಕ್ಕ ಕೆಲವು ಗಂಟೆ ಮಲಗಬೇಕು. ತುಟಿ ಸುತ್ತ ಜುಮುಜುಮು ಅಂದರೆ ತಕ್ಷಣ ನರ್ಸ್‌ಗೆ ಹೇಳಲಿ, ಕ್ಯಾಲ್ಸಿಯಂ ಇಳಿದಿರುತ್ತದೆ. ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸೆಲ್ ಬೇಕು. ಸಿಗದಿದ್ದರೆ ಮರುದಿನ ಮತ್ತೆ ಕೂರಿಸುತ್ತಾರೆ.

ನಿಜವಾದ ಪೆಟ್ಟು ಆಮೇಲೆ ಕೊಡುವ ಮೆಲ್ಫಾಲಾನ್‌ದು, ಅದು ದೊಡ್ಡ ಡೋಸ್‌ನ ಕೀಮೋ ಔಷಧ. ಆ ಡೋಸ್ ಕ್ಯಾನ್ಸರ್ ಜೊತೆ ಮಜ್ಜೆಯನ್ನೂ ಸುಡುತ್ತದೆ. ತೆಗೆದಿಟ್ಟ ಸೆಲ್ ವಾಪಸ್ ಕೊಡುವುದು ಅದಕ್ಕೇ. ಆ ದಿನ ನೋಡಲು ಏನೂ ಇರಲ್ಲ, ರಕ್ತ ಏರಿಸಿದ ಹಾಗೆ ಅಷ್ಟೇ. ಕಷ್ಟ ಶುರುವಾಗುವುದು ಒಂದು ವಾರದ ನಂತರ: ಭೇದಿ, ಜ್ವರ, ಊಟ ಕಂಡರೆ ವಾಕರಿಕೆ. ಬಿಳಿ ರಕ್ತಕಣ ಏರಲು ಸಾಮಾನ್ಯವಾಗಿ 10ರಿಂದ 14 ದಿನ.

ಅಮ್ಮನಿಗೆ ಮಾಡಿಸಿದವರು: ಒಂದು ಮಾತು ಮರೆಯಬೇಡಿ, ಐಸ್! ಮೆಲ್ಫಾಲಾನ್ ಹೋಗುವ ಮೊದಲಿನಿಂದ ಮುಗಿದ ಮೇಲೂ ಸ್ವಲ್ಪ ಹೊತ್ತು ಐಸ್ ಚೂರು ಚೀಪುತ್ತಿರಬೇಕು. ತಣ್ಣಗಾದರೆ ಬಾಯಿಯ ರಕ್ತನಾಳ ಕುಗ್ಗುತ್ತವೆ, ಔಷಧ ಅಲ್ಲಿಗೆ ಕಮ್ಮಿ ಹೋಗುತ್ತದೆ, ಹುಣ್ಣೂ ಕಮ್ಮಿ. ಅಮ್ಮ ಹಲ್ಲು ಜುಮ್ ಅಂತಿದೆ ಅಂತ ಬೈದರೂ ನಾನು ಬಿಡಲಿಲ್ಲ. ಪ್ಲೇಟ್‌ಲೆಟ್ ಕೊಡುವವರನ್ನೂ ಮೊದಲೇ ಹೇಳಿಟ್ಟುಕೊಳ್ಳಿ. ನೆಂಟರು ನೋಡಲು ಬರುತ್ತೇವೆ ಅಂದರೆ ಮುಲಾಜಿಲ್ಲದೆ ಬೇಡ ಅನ್ನಿ. ಬೇಕಾದವರು ಫೋನ್ ಮಾಡಲಿ.

ಇನ್ನೊಬ್ಬರು: ಮಾಡಿಸಿಬಿಡಿ, ಪೂರ್ತಿ ವಾಸಿ. ನಮ್ಮ ಚಿಕ್ಕಪ್ಪ ಈಗ ತೋಟಕ್ಕೆ ಹೋಗುತ್ತಾರೆ.

ಮಾಡಿಸಿಕೊಂಡವರು: ಚಿಕ್ಕಪ್ಪ ಚೆನ್ನಾಗಿರಲಿ. ಆದರೆ ಪೂರ್ತಿ ವಾಸಿ ಅಂತ ಅಪ್ಪನಿಗೆ ಹೇಳಬೇಡಿ. ಮೈಲೋಮಾದಲ್ಲಿ ಇದು ರೋಗವನ್ನು ವರ್ಷಗಟ್ಟಲೆ ದೂರ ಇಡಬಹುದು, ಬೇರುಸಹಿತ ಕೀಳುವುದು ಅಪರೂಪ. ಆಮೇಲೂ ರೋಗ ಬೇಗ ಮರಳದಿರಲಿ ಅಂತ ಸಾಮಾನ್ಯವಾಗಿ ಲೆನಾಲಿಡೊಮೈಡ್ ಮಾತ್ರೆ ಇರುತ್ತದೆ, ಅದರ ಖರ್ಚನ್ನೂ ಈಗಲೇ ಕೇಳಿಕೊಳ್ಳಿ. ಹಳೆ ಲಸಿಕೆಗಳ ಬಲ ಹೋಗಿರುತ್ತದೆ, ಹಾಗಾಗಿ ಕೆಲವು ತಿಂಗಳ ನಂತರ ಮತ್ತೆ ಹಾಕಿಸಬೇಕು. ಡಿಸ್ಚಾರ್ಜ್ ದಿನವೇ ಆ ಪಟ್ಟಿ ಬರೆಸಿಕೊಳ್ಳಿ.